ಹೊಲಿಗೆ ಮೆಷಿನ್ ಮೇಲಿನ ಟೊಮೇಟೊ

ಮಕ್ಕಳೇ, ಇವತ್ತು ಮೊಮ್ಮಗಳು ಕುಂಡದ ಟೊಮೇಟೊ ಹೂವಿಗೆ ಹಲ್ಲುಜ್ಜುವ ಬ್ಯಾಟರಿ ಬ್ರಷ್ ಮುಟ್ಟಿಸುತ್ತಿದ್ದಳು. "ಹೂ ಅಲ್ಲಾಡಿದ್ರೆ ಕಾಯಿ ಕಚ್ಚುತ್ತಂತೆ ಅಜ್ಜಿ, ವಿಡಿಯೋದಲ್ಲಿ ನೋಡ್ದೆ." ಎಲೆಯ ಘಾಟು ಮೂಗಿಗೆ ಬಡಿದದ್ದೇ ನಾನು ಚಿಕ್ಕಂದಿನ ಜಯನಗರದ ಬಾಡಿಗೆ ಮನೆಯಲ್ಲಿದ್ದೆ.

ಅಂಗಳದಲ್ಲಿ ಗಿಡ ಇಡಕೂಡದೆಂದು ಓನರಮ್ಮ ಹೇಳಿದ್ದರಿಂದ ನಮ್ಮಮ್ಮ ಮೂರು ವನಸ್ಪತಿ ಡಬ್ಬಗಳಿಗೆ ಮಣ್ಣು ತುಂಬಿ ಮನೆಯೊಳಗೇ ಟೊಮೇಟೊ ಹಾಕಿದ್ದಳು. ಹೂವೆಲ್ಲ ಉದುರಿಹೋಗುತ್ತಿತ್ತು. "ಮನೆಯೊಳಗೆ ಕಾಯಿ ಬಿಡುತ್ತೇನ್ರೀ? ಡಬ್ಬ ತೊಳ್ದು ಅಕ್ಕಿ ತುಂಬ್ಕೊಳ್ಳಿ" ಎಂದು ಓನರಮ್ಮ ನಗುತ್ತಿದ್ದರು. ಅಮ್ಮ ಡಬ್ಬಗಳಿಗೆ ನೀರು ಹಾಕುತ್ತಲೇ ಇದ್ದಳು.

ಒಂದು ಬೆಳಿಗ್ಗೆ, ಅಮ್ಮ ತುಳಿಯುವ ಹೊಲಿಗೆ ಮೆಷಿನ್ನಿನ ಹಲಗೆಯ ಮೇಲಿದ್ದ ಡಬ್ಬದಲ್ಲಿ ಮಾತ್ರ ಗೋಲಿಯಷ್ಟು ಕಾಯಿ ಕಾಣಿಸಿತು. ಶಾಲೆಯ ಮುಖ ನೋಡದ ಅಮ್ಮ ಅದನ್ನೇ ದಿಟ್ಟಿಸಿ, "ಇದೊಂದೇ ದಿನಾ ನನ್ ಜೊತೆ ಅಲ್ಲಾಡೋದು ಕಣೇ!" ಎಂದಳು. ಅಂದಿನಿಂದ ಮೂರು ಡಬ್ಬಗಳೂ ಸರದಿಯ ಮೇಲೆ ಮೆಷಿನ್ ಏರಿದವು. ಅಮ್ಮ ಬ್ಲೌಸ್ ಹೊಲಿಯುವಾಗ ಹೂಗಳು ನಡುಗುತ್ತಿದ್ದವು.

ಹಣ್ಣಾದಾಗ ಓನರಮ್ಮನಿಗೆ ಒಂದು ಚೊಂಬು ಸಾರು ನಾನೇ ಒಯ್ದು ಕೊಟ್ಟೆ. ಮರುದಿನ ಅವರು ಖಾಲಿ ಡಬ್ಬ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. "ನನಗೂ ಒಂದ್ ಸಸಿ ಕೊಡ್ರೀ."

ಮೊಮ್ಮಗಳಿಗೆ ಹೇಳಿದೆ: "ನಿನ್ನ ಮುತ್ತಜ್ಜಿ ಇದನ್ನ ಯಾವತ್ತೋ ಕಂಡುಹಿಡಿದಿದ್ಲು ಕಣೇ. ಯಾವ ವಿಡಿಯೋನೂ ನೋಡ್ದೇನೇ, ಮೆಷಿನ್ ತುಳೀತಾ ತುಳೀತಾ."