ಉಳ್ಳಾಗಡ್ಡಿ ಬೇರಿನ ತಪ್ಪು

ಸಪ್ತಾಪುರದಲ್ಲಿ ನಮಗೆ ಜೀವಶಾಸ್ತ್ರದ ಟ್ಯೂಷನ್ ಹೇಳುತ್ತಿದ್ದ ಸರ್, ಕೋಶ ವಿಭಜನೆಯ ಚಿತ್ರವನ್ನು ಕಣ್ಣು ಮುಚ್ಚಿಕೊಂಡೇ ಬೋರ್ಡಿನ ಮೇಲೆ ಬಿಡಿಸುತ್ತಿದ್ದರು. ಕೋಶ ಎರಡಾಗುವ ಮೊದಲು ವರ್ಣತಂತುಗಳು ನಡುವೆ ಸಾಲಾಗಿ ನಿಲ್ಲುವ ಹಂತ ಬಂದರೆ ಸಾಕು, ಅಂಗಿಯ ಕಾಲರು ಸರಿಪಡಿಸಿಕೊಂಡು, "ಸಾಲು ನೆಟ್ಟಗ ಇರಬೇಕ್ರಿ, ಸಾಲ್ಯಾಗ ಪ್ರಾರ್ಥನಾಕ್ಕ ನಿಂತಂಗ" ಎನ್ನುತ್ತಿದ್ದರು. ಯಾರ ಸಾಲಾದರೂ ಸೊಟ್ಟಗಾದರೆ ಇಡೀ ಚಿತ್ರಕ್ಕೆ ಅಡ್ಡಗೆರೆ ಬೀಳುತ್ತಿತ್ತು.

ಒಮ್ಮೆ ಗೆಳತಿಯೊಬ್ಬಳು ಅಕ್ಕನ ಸೂಕ್ಷ್ಮದರ್ಶಕ ತಂದು, ಬಣ್ಣ ಹಾಕಿದ ಉಳ್ಳಾಗಡ್ಡಿ ಬೇರಿನ ತುದಿಯ ಸ್ಲೈಡ್ ಇಟ್ಟಳು.

"ಸರ್, ಇದರಾಗ ಸಾಲು ಸೊಟ್ಟ ಐತ್ರಿ."

ಸರ್ ಬಗ್ಗಿ ನೋಡಿದರು. "ಉಳ್ಳಾಗಡ್ಡಿ ತಪ್ಪು ಮಾಡೇತವಾ. ಬ್ಯಾರೇದು ತಾ."

ಹಾಗೆಂದರೂ ಸ್ಲೈಡಿನಿಂದ ಕಣ್ಣು ಮಾತ್ರ ತೆಗೆಯಲಿಲ್ಲ. ತರಗತಿ ಮುಗಿದು ನಾವು ಹೊರಟಾಗಲೂ ಬಗ್ಗಿಯೇ ಇದ್ದರು. ಸೂಕ್ಷ್ಮದರ್ಶಕಕ್ಕಾಗಿ ಕಾಯುತ್ತಿದ್ದ ಗೆಳತಿಗೆ, "ಇಷ್ಟು ವರ್ಷ ಹೇಳೇನಿ, ಇವತ್ತ ನೋಡಿದೆ ನೋಡವಾ" ಎಂದು ಮೆಲ್ಲಗೆ ಹೇಳಿದರು.

ಮರುದಿನ ಬೋರ್ಡಿನ ಮೇಲೆ ಮತ್ತೆ ಅದೇ ನೇರ ಸಾಲು ಬಂತು. ಆಮೇಲೆ ಸರ್ ಒಂದು ವರ್ಣತಂತುವನ್ನು ಬೆರಳಿನಿಂದ ಒರೆಸಿ, ಓರೆಯಾಗಿ ಬಿಡಿಸಿದರು.

"ಪರೀಕ್ಷಾದಾಗ ಹಿಂಗ ಬರೀಬ್ಯಾಡ್ರಿ ಮತ್ತ," ಎಂದರು. "ಇದು ಖರೇದು."