ಗಾಳಿ ಹೋದರೆ ಹಿಡಿಯುವ ಬ್ರೇಕು

ನಾನು ಎಸ್ಸೆಸ್ಸೆಲ್ಸಿ ಫೇಲು, ಎರಡು ಸಲ. ಮೆಲ್ಬರ್ನ್‌ಗೆ ಬಂದದ್ದು ಹೆಂಡತಿಯ ವೀಸಾದ ಮೇಲೆ, ಅವಳು ನರ್ಸ್. ಈಗ ಅಲ್ಲೇ ಡ್ಯಾಂಡಿನಾಂಗ್‌ನಲ್ಲಿ ಒಬ್ಬ ಪಂಜಾಬಿಯ ಟ್ರಕ್ ಓಡಿಸುತ್ತೇನೆ. ನನ್ನ ಬಗ್ಗೆ ಇಷ್ಟು ಸಾಕು.

ಕಳೆದ ವರ್ಷ ಓನರ್ ನನಗೆ ಸಿಡ್ನಿ ಲೈನ್ ಕೊಟ್ಟು ನೋಡಿದರು. ಮೂರು ಟ್ರಿಪ್ ಟೈಮಿಗೆ ಸರಿಯಾಗಿ ಮುಗಿಸಿದರೆ ಲೈನ್ ಕಾಯಂ ನನ್ನದು. ಇಲ್ಲದಿದ್ದರೆ ವಾಪಸ್ ಊರೊಳಗಿನ ಚಿಕ್ಕ ಲಾರಿ. ಎರಡು ಟ್ರಿಪ್ ಆಗಿತ್ತು. ಮೂರನೆಯದು ಆಯುಧಪೂಜೆಯ ಭಾನುವಾರ ಬಿತ್ತು.

ಸಿಡ್ನಿಯ ರೌಸ್ ಹಿಲ್‌ನಲ್ಲಿ ನನ್ನ ಅಕ್ಕ ಇದ್ದಾಳೆ. ಭಾವ ಮ್ಯಾಕ್ವೆರಿ ಪಾರ್ಕ್‌ನಲ್ಲಿ ಐಟಿ. ಶನಿವಾರ ತಂದ ಟ್ರೇಲರನ್ನು ವೇರ್‌ಹೌಸ್ ಯಾರ್ಡಿನಲ್ಲಿ ಬಿಟ್ಟು ಅವರ ಮನೆಯಲ್ಲಿ ಮಲಗಿದ್ದೆ. ಭಾನುವಾರ ಸಂಜೆ ಬೇರೆ ಟ್ರೇಲರ್ ಸಿಕ್ಕಿಸಿಕೊಂಡು ಹೊರಡಬೇಕು. ಸೋಮವಾರ ಬೆಳಿಗ್ಗೆ ಆರಕ್ಕೆ ಮಾಲು ಡ್ಯಾಂಡಿನಾಂಗ್‌ನಲ್ಲಿರಬೇಕು. ಟ್ರಕ್ಕಿಗೆ ಪೂಜೆ ಮಾಡದೆ ಕಳಿಸುವುದಿಲ್ಲ ಎಂದು ಅಕ್ಕ ಹಟ ಹಿಡಿದಳು. ಯಾರ್ಡಿನ ಗೇಟಿನವನನ್ನು ಕೇಳಿದೆ. ಒಂದು ಗಂಟೆ ಹೊತ್ತು ಒಳಗೆ ಬಿಡಲು ಒಪ್ಪಿದ.

ಯಾರ್ಡಿಗೆ ಹೋಗುವಾಗ ಕಾರಿನಲ್ಲಿ ಭಾವ ಮಗಳ ಸ್ಕೂಲ್ ಭಾಷಣದ ಬಗ್ಗೆ ಶುರು ಮಾಡಿದರು. ನೂರೈವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಕಂಡುಹಿಡಿದ ಯಾವುದಾದರೂ ಒಂದು ವಸ್ತುವಿನ ಮೇಲೆ ಅವಳು ಮಾತಾಡಬೇಕಿತ್ತು.

"ಬಲ್ಬ್ ಫೈನಲ್. ಸ್ಲೈಡೆಲ್ಲ ನಾನೇ ಮಾಡಿದೀನಿ," ಅಂದರು.

"ಡ್ಯಾಡ್, ಎವ್ರಿವನ್ ಈಸ್ ಡೂಯಿಂಗ್ ಬಲ್ಬ್."

"ಹಾಗಾದ್ರೆ ಟೆಲಿಫೋನ್ ಮಾಡು."

"ಟ್ರಕ್ ಬ್ರೇಕ್ ಮಾಡಮ್ಮ," ಅಂದೆ ನಾನು. "ಅದೂ ಅಲ್ಲಿದೇ, ಆಗಿಂದೇ. ರೈಲಿಗೆ ಅಂತ ಮಾಡಿದ್ದು."

ಭಾವ ನಕ್ಕರು. "ಬ್ರೇಕಾ? ಕ್ಲಾಸಲ್ಲಿ ಎಲ್ರೂ ಗೊರಕೆ ಹೊಡೀತಾರೆ ಕಣೋ."

ಯಾರ್ಡಿನಲ್ಲಿ ಟ್ರೇಲರ್ ಇಲ್ಲದೆ ನನ್ನ ಟ್ರಕ್ಕಿನ ಇಂಜಿನ್ ಭಾಗ ಮಾತ್ರ ನಿಂತಿತ್ತು. ಟ್ರೇಲರಿಗೆ ಗಾಳಿ ಕೊಡುವ ಎರಡು ಪೈಪು ಬೆನ್ನ ಹಿಂದೆ ಬಾಯಿ ತೆರೆದು ನೇತಾಡುತ್ತಿದ್ದವು. ಅಕ್ಕ ಕುಂಕುಮ ಹಚ್ಚಿದಳು, ಹಾರ ಹಾಕಿದಳು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಆರತಿ ಎತ್ತಿ ಸುತ್ತಲೂ ಅಕ್ಷತೆ ಹಾಕಿದಳು. ಹುಡುಗಿಗೂ ಒಂದು ಹಿಡಿ ಕೊಟ್ಟಳು. ಅವಳು ಕ್ರಿಕೆಟ್ ಬಾಲಿನಂತೆ ಎಸೆದಳು.

ಭಾವ ಫೋನ್ ನೋಡಿದರು. "ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಗೇಟ್ ದಾಟ್ಬಿಡು."

ಹದಿನೈದು ನಿಮಿಷ ಇತ್ತು. ಪೈಪು ಸಿಕ್ಕಿಸುವ ಮೊದಲು ಅದರ ಬಾಯಿಯನ್ನು ಬಟ್ಟೆಯಿಂದ ಒರೆಸಿ ನೋಡಬೇಕು. ಪ್ರತಿ ಸಲ ಒರೆಸುತ್ತೇನೆ. ಅವತ್ತು ರಾಹುಕಾಲದ ಅವಸರದಲ್ಲಿ ಒರೆಸಲಿಲ್ಲ. ತಪ್ಪು ನನ್ನದು.

ನಿಂಬೆಹಣ್ಣು ಚಪ್ಪಟೆಯಾದವು. ಟ್ರಕ್ ಹಿಂದಕ್ಕೆ ತಂದು ಟ್ರೇಲರ್ ಸಿಕ್ಕಿಸಿದೆ, ಪೈಪು ಹಾಕಿದೆ, ಗಾಳಿ ಬಿಟ್ಟೆ. ಬುಸ್ಸೆಂದು ಸದ್ದು. ಕ್ಯಾಬಿನ್ನಿನಲ್ಲಿ ಗಾಳಿ ಮೀಟರಿನ ಮುಳ್ಳು ಇಳಿಯಿತು, ಬಝರ್ ಕೂಗಿತು. ಆಕ್ಸಿಲರೇಟರ್ ಒತ್ತಿದರೂ ಟ್ರೇಲರ್ ಒಂದಿಂಚು ಅಲುಗಲಿಲ್ಲ.

ಎರಡರಲ್ಲಿ ಕೆಂಪು ಪೈಪು ಬಿಚ್ಚಿದೆ. ರಬ್ಬರ್ ವಾಷರಿನಲ್ಲಿ ಅರಿಶಿನದ ಅಕ್ಕಿ ಕಚ್ಚಿಕೊಂಡಿತ್ತು.

"ಅಯ್ಯೋ ದೇವ್ರೇ," ಅಂದಳು ಅಕ್ಕ.

"ಮಾಮ, ಗಾಳಿ ಲೀಕ್ ಆದ್ರೆ ಬ್ರೇಕ್ ವುಡ್ ಫೇಲ್, ರೈಟ್?" ಹುಡುಗಿ ಕೇಳಿದಳು.

"ಉಲ್ಟಾ," ಅಂದೆ. ಅಕ್ಕಿ ಕೀಳುತ್ತಲೇ ಹೇಳಿದೆ. ಲೈಸೆನ್ಸಿಗೆ ಕಲಿಸಿದ ಮುದುಕ ನನಗೆ ಹೇಳಿದ್ದು ಅದು. ಮೊದಲು ಅಮೆರಿಕದ ಗೂಡ್ಸ್ ರೈಲಿನಲ್ಲಿ ಬ್ರೇಕ್ ಹಾಕಲು ಆಳುಗಳು ಡಬ್ಬಿಗಳ ನೆತ್ತಿಯ ಮೇಲೆ ಓಡಬೇಕಿತ್ತು. ಒಂದೊಂದು ಡಬ್ಬಿಗೂ ಒಂದೊಂದು ಚಕ್ರ, ಕೈಯಲ್ಲೇ ತಿರುಗಿಸಬೇಕು. ಹಿಮ ಬಿದ್ದರೆ ಕಾಲು ಜಾರಿ ಹಳಿ ಮೇಲೆ. ಎಷ್ಟೋ ಜನ ಹಾಗೇ ಸತ್ತರು. ಆಮೇಲೆ ಒಬ್ಬ ಹುಡುಗ, ನನಗಿಂತ ಚಿಕ್ಕವನು, ಗಾಳಿಯ ಪೈಪು ಎಳೆದ. ಶುರುವಿಗೆ ಪೈಪಿಗೆ ಗಾಳಿ ತುಂಬಿದರೆ ಬ್ರೇಕ್ ಹಿಡಿಯುತ್ತಿತ್ತು. ಪೈಪು ಒಡೆದರೆ ಬ್ರೇಕೇ ಇಲ್ಲ. ಕೆಲವು ವರ್ಷ ಬಿಟ್ಟು ಅವನೇ ಅದನ್ನು ತಿರುಗಿಸಿ ಹಾಕಿದ. ಗಾಳಿ ಇದ್ದರೆ ಬ್ರೇಕ್ ಬಿಡುತ್ತದೆ, ಹೋದರೆ ಹಿಡಿಯುತ್ತದೆ. ಏನು ಕೆಟ್ಟರೂ ಗಾಡಿ ನಿಲ್ಲುತ್ತದೆ. ಅಷ್ಟೇ ವಿಷಯ.

"ದಟ್ಸ್ ಸೋ ಸ್ಮಾರ್ಟ್," ಅಂದಳು.

ಒರೆಸಿ ಮತ್ತೆ ಸಿಕ್ಕಿಸಿದೆ. ಸದ್ದು ನಿಂತಿತು, ಮುಳ್ಳು ಏರಿತು.

"ಸರಿ ಹೋಯ್ತಲ್ಲ, ಹೊರಡು," ಅಂದರು ಭಾವ. "ಇನ್ನೂ ಐದು ನಿಮಿಷ ಇದೆ."

"ಒಳಗೆ ಎಷ್ಟು ಅಕ್ಕಿ ಹೋಗಿದೆ ಗೊತ್ತಾ ಭಾವ?"

"ಒಂದೆರಡು ಕಾಳಿಗೆ ಏನಾಗುತ್ತೋ?"

"ವಾಲ್ವಲ್ಲಿ ಕೂತ್ರೆ ಬ್ರೇಕ್ ಪೂರ್ತಿ ಬಿಡಲ್ಲ. ಹೈವೇಲಿ ಚಕ್ರ ಕಾದು ಬೆಂಕಿ ಹತ್ಕೊಳ್ಳುತ್ತೆ."

"ಮತ್ತೆ ನಿನ್ ಲೈನು?"

ಅದೇ ಪ್ರಶ್ನೆ ನನಗೂ ಇತ್ತು. ಮೆಕ್ಯಾನಿಕ್ ಕರೆಸಿದರೆ ಆರಕ್ಕೆ ಮುಟ್ಟುವುದಿಲ್ಲ. ಸುಮ್ಮನೆ ಹೊರಟರೆ ಬಹುಶಃ ಏನೂ ಆಗುವುದಿಲ್ಲ. ಬಹುಶಃ ಎಂದುಕೊಂಡು ನಲವತ್ತು ಟನ್ ಓಡಿಸಲಾಗುವುದಿಲ್ಲ. ಓನರಿಗೆ ಫೋನ್ ಮಾಡಿದೆ. ನಮ್ಮ ಮಾತೆಲ್ಲ ಹಿಂದಿಯಲ್ಲಿ.

"ಪಾಜಿ, ಬ್ರೇಕ್ ಲೈನಿಗೆ ಅಕ್ಕಿ ಹೋಗಿದೆ."

"ಏನು ಹೋಗಿದೆ?"

"ಅಕ್ಕಿ. ಪೂಜೆ ಮಾಡಿದ್ವಿ."

"ಪೂಜೆ ಮಾಡಿದ್ಯೋ, ಪುಲಾವ್ ಮಾಡಿದ್ಯೋ? ಅಲ್ಲೇ ಇರು. ಮೆಕ್ಯಾನಿಕ್ ಕಳಿಸ್ತೀನಿ."

ಮೆಕ್ಯಾನಿಕ್ ಬಂದಾಗ ಸಂಜೆ ಆರು ದಾಟಿತ್ತು. ಗಾಳಿ ಸೋಸುವ ಜಾಲರಿ ಬಿಚ್ಚಿ ಅಂಗೈ ಮೇಲೆ ತಟ್ಟಿದ. ಏಳು ಕಾಳು. ಅದರಾಚೆ ಒಂದೂ ಇರಲಿಲ್ಲ. ಅಂದರೆ ಹೊರಟಿದ್ದರೂ ನಡೆಯುತ್ತಿತ್ತು. ಭಾವ ನನ್ನ ಮುಖ ನೋಡಿದರು. ನಾನು ನೋಡಲಿಲ್ಲ. ಬಿಚ್ಚಿ ನೋಡಿದ ಮೇಲೆ ತಾನೇ ಅದು ಗೊತ್ತಾದದ್ದು.

ಡ್ಯಾಂಡಿನಾಂಗ್ ಮುಟ್ಟಿದಾಗ ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ಓನರ್ ಗೇಟಿನಲ್ಲೇ ನಿಂತಿದ್ದರು.

"ಗಿರಾಕಿ ನನಗೆ ಬೈದ," ಅಂದರು.

"ನೀವು ನನಗೆ ಬೈರಿ. ಒರೆಸ್ದೆ ಸಿಕ್ಕಿಸಿದ್ದು ನಾನೇ."

"ಬೈತೀನಿ. ಚಾ ಕುಡಿದು ಬೈತೀನಿ." ಟೀ ಕುಡಿದರು. ಚೆನ್ನಾಗಿಯೇ ಬೈದರು. ಕೊನೆಗೆ, "ಈ ಟ್ರಿಪ್ ಲೆಕ್ಕಕ್ಕಿಲ್ಲ. ಮುಂದಿನ ವಾರ ಮೂರನೇದು ಇನ್ನೊಂದ್ಸಲ ಮಾಡು," ಅಂದರು.

"ಬೇರೆಯವರಿಗೆ ಕೊಡಲ್ವಾ?"

"ಬೇರೆಯವರು ಫೋನ್ ಮಾಡ್ತಿರಲಿಲ್ಲ."

ಮುಂದಿನ ವಾರ ಹೋದೆ. ಸೋಮವಾರ ಐದೂಮುಕ್ಕಾಲಿಗೆ ಮಾಲು ಇಳಿಸಲು ನಿಂತಿದ್ದೆ. ಸಿಡ್ನಿ ಲೈನ್ ಈಗ ನನ್ನದು.