ಮಾಲನ್ ಕಬ್ಬೂರಿಗೆ ಹೋದದ್ದು

ಮೊನ್ನೆ ಬೆಳಗ್ಗೆ ನೆಲ ಒರೆಸುವ ಹಳೆಯ ಅರಿವೆಗಳ ನಡುವೆ ಹೊಚ್ಚಹೊಸ ಹಳದಿ ಬನಿಯನ್ನೊಂದು ಬಿದ್ದಿತ್ತು. ಬೆನ್ನ ಮೇಲೆ ಯಾವನೋ ಆಟಗಾರನ ಹೆಸರು, ನಂಬರು. ಮಗ ಹಟ ಹಿಡಿದು ತರಿಸಿಕೊಂಡದ್ದು ಅದು. "ಇದನ್ಯಾಕ ಇಲ್ಲಿ ಒಗದೀಯೋ?" ಎಂದು ಕೇಳಿದೆ.

"ಆ ನಿಯತ್ತಿಲ್ಲದಾಂವ ಟೀಮ್ ಬಿಟ್ಟ ಹೋದಾ ಅವ್ವಾ. ಅದರ್ಲೆ ನೆಲಾನ ಒರಸ," ಎಂದ.

ಮಗನೆಂದರೆ ಸಣ್ಣವನೆಂದು ತಿಳಿಯಬೇಡಿ. ನಿಪ್ಪಾಣಿಯಲ್ಲಿ ಔಷಧದ ಅಂಗಡಿ ಇಟ್ಟಿದ್ದಾನೆ, ತಲೆಯ ನಡುಭಾಗ ಬಯಲಾಗಿದೆ. ಅದು ಹೇಗೋ ಈಚೆಗೆ ಅಮೆರಿಕದ ಬಾಸ್ಕೆಟ್‌ಬಾಲಿನ ಹುಚ್ಚು ಹತ್ತಿದೆ. ಬೆಳಗ್ಗೆ ಹಾಲಿನವನು ಬರುವ ಹೊತ್ತಿಗೆ ಫೋನು ಹಿಡಿದು ಕೂತಿರುತ್ತಾನೆ. ಅಲ್ಲಿ ಆಟಗಾರನ ಕರಾರು ಮುಗಿದರೆ ತನಗೆ ಬೇಕಾದ ಟೀಮಿಗೆ ಹೋಗಬಹುದಂತೆ. ಇವನ ದೇವರು ಹಾಗೆ ಹೊರಟುಹೋಗಿದ್ದ. ಆ ದೇವರಿಗೆ ನಿಪ್ಪಾಣಿ ಎಂಬುದೊಂದು ಊರಿದೆ ಎಂದೇ ಗೊತ್ತಿರಲಿಕ್ಕಿಲ್ಲ. ಇಲ್ಲಿ ಇವನು ಮಾತ್ರ ಊಟ ಬಿಟ್ಟು ಕೂತಿದ್ದ. ಸೊಸೆ ನಕ್ಕಳು. ನನಗೆ ನಗು ಬರಲಿಲ್ಲ, ಏಕೆಂದರೆ ಇಡೀ ಊರಿಗೆ ಊರೇ ಹೀಗೆ ಮುನಿಸಿಕೊಂಡದ್ದನ್ನು ನಾನು ಕಂಡವಳು.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನ್ನ ತವರು ಬೇಡಕಿಹಾಳದ ಆಚೆ, ಕಬ್ಬಿನ ಹೊಲಗಳ ನಡುವಿನ ಊರು. ನಮ್ಮಲ್ಲಿ ಹುಡುಗಿಯರ ಕಬಡ್ಡಿ ಟೀಮೊಂದಿತ್ತು. ಶಾಲೆಯಲ್ಲಿ ಹುಟ್ಟಿದ ಟೀಮು ಶಾಲೆ ಮುಗಿದ ಮೇಲೆ ಸಾಯಬೇಕಾಗಿತ್ತು. ಸಾಯಲು ಬಿಡದವನು ನಮ್ಮ ನೇಮಣ್ಣ ಕಾಕಾ, ನನ್ನ ಅಪ್ಪನ ತಮ್ಮ. ಕಾಕಾ ಜೀವಮಾನದಲ್ಲಿ ಯಾವ ಆಟವನ್ನೂ ಆಡಿದವನಲ್ಲ. ನಾಲ್ಕು ಸಲ ಕಬಡ್ಡಿ ಕಬಡ್ಡಿ ಅಂದರೆ ಕೆಮ್ಮು ಬರುತ್ತಿತ್ತು. ಆದರೆ ಅಂಗಳಕ್ಕೆ ನೀರು ಹೊಡೆದು, ಸುಣ್ಣದ ಗೆರೆ ಎಳೆದು, ಮನೆ ಮನೆಗೆ ಹೋಗಿ ಅಪ್ಪಂದಿರನ್ನು ಒಪ್ಪಿಸಿ ನಮ್ಮನ್ನು ಕರೆತರುವವನು ಅವನೇ. ಸಲವಾರಿನ ಮೇಲೆ ಅಣ್ಣಂದಿರ ಹಳೆಯ ಅಂಗಿ ಹಾಕಿಕೊಂಡು ನಾವು ಆಡುತ್ತಿದ್ದೆವು. ನನ್ನ ಅಂಗಿ ಮೊಣಕಾಲಿಗೆ ಬರುತ್ತಿತ್ತು. ಹಾಗಿದ್ದೂ ಎದುರಾಳಿಯ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವ ಕೆಲಸ ನನ್ನದೇ, ಬಡಕಲಾದವರನ್ನು ಹಿಡಿಯುವುದು ಕಷ್ಟ ಎಂಬ ಒಂದೇ ಕಾರಣಕ್ಕೆ.

ನಿಜವಾದ ಆಟಗಾರ್ತಿ ಮಾಲನ್. ನನ್ನ ಓರಗೆಯವಳು, ಅಪ್ಪಾಸಾಬ ಮಾಮಾನ ಒಬ್ಬಳೇ ಮಗಳು. ಒಳಗೆ ಬಂದ ಎದುರಾಳಿಯ ಹಿಮ್ಮಡಿಗೆ ಅವಳ ಕೈ ಬಿತ್ತೆಂದರೆ ಮುಗಿಯಿತು. ದಿನಾ ಎಮ್ಮೆಯ ಕರುವನ್ನು ಕೆಚ್ಚಲಿನಿಂದ ಎಳೆದೆಳೆದು ಬಂದ ಬಲ ಅದು ಎನ್ನುತ್ತಿದ್ದಳು. ನಮ್ಮ ಕಡೆಯ ಜನರದೊಂದು ವಿಚಿತ್ರವಿದೆ: ಮನೆಯಲ್ಲಿ, ಹೊಲದಲ್ಲಿ ಕನ್ನಡ, ಹುರುಪು ಬಂದಾಗ ಮಾತ್ರ ಮರಾಠಿ. ಅವಳು ಕಾಲು ಹಿಡಿದೊಡನೆ ಊರೆಲ್ಲ ಎದ್ದು ನಿಂತು, "ಮಾಲನ್, ಸೋಡೂ ನಕೋ!" ಎಂದು ಕೂಗುತ್ತಿತ್ತು. ಬಿಡಬೇಡ ಎಂದು. ಅವಳೇನೂ ಬಿಡುತ್ತಿರಲಿಲ್ಲ, ಆದರೂ ಕೂಗದಿದ್ದರೆ ಜನಕ್ಕೆ ಸಮಾಧಾನವಿಲ್ಲ.

ಇಂಥವಳಿಗೆ ಮದುವೆಯ ವಯಸ್ಸು ಬಂತು. ಈಗಿನ ಆಟಗಾರರಿಗೆ ಕರಾರು ಮುಗಿಯುವುದು ಹೇಗೋ ನಮ್ಮ ಕಾಲದ ಹುಡುಗಿಯರಿಗೆ ಮದುವೆ ಹಾಗೆ. ಊರಿಗೆ ಗಾಬರಿಯಾಯಿತು. ಹಾಗೆ ನೋಡಿದರೆ ನನಗೂ ವಯಸ್ಸಾಗಿತ್ತು, ನನ್ನ ಬಗ್ಗೆ ಯಾರೂ ಗಾಬರಿಪಡಲಿಲ್ಲ. ಕಾಕಾನ ಮೊದಲ ಉಪಾಯ, ಊರೊಳಗೇ ಅವಳಿಗೊಂದು ಗಂಡು ಹುಡುಕುವುದು. ಹುಡುಕಿದರೆ, ಅರ್ಧ ಊರು ಅವಳ ಮನೆತನದ್ದೇ ಕವಲು, ಕೊಡುವಂತಿಲ್ಲ ತರುವಂತಿಲ್ಲ. ಉಳಿದ ಅರ್ಧದಲ್ಲಿ ಮದುವೆಯ ವಯಸ್ಸಿನವನು ಒಬ್ಬನೇ. ಅವನನ್ನು ಆಟ ನೋಡಲು ಕರೆತಂದರು. ಮಾಲನ್ ಒಬ್ಬಳನ್ನು ಎತ್ತಿ ಕೆಡವಿದ್ದನ್ನು ಕಂಡವನು ಮರುದಿನವೇ ಇಚಲಕರಂಜಿಯ ಅತ್ತೆಯ ಮನೆಗೆ ಹೋಗಿ ಅಲ್ಲೇ ನಿಂತುಬಿಟ್ಟ.

ಆ ದಿನಗಳಲ್ಲಿ ಮಾಲನ್‌ಳನ್ನು ಬಾವಿಯ ಹತ್ತಿರ ಕೇಳಿದೆ: "ನೀ ಹೋದಮ್ಯಾಲ ನಮ್ಮ ಟೀಮ್ ಏನ ಆಗಬೇಕಲೇ?"

"ನಾ ಇಲ್ಲಿದ್ರೇನು, ಎಲ್ಲಿದ್ರೇನು," ಎಂದಳು, ಕೊಡ ತಿಕ್ಕುತ್ತ. "ಆಡಾಕ ಬಿಡತಾರೋ ಇಲ್ಲೋ ಅನ್ನೂದ ನನಗ ಚಿಂತಿ. ನಮ್ಮ ಓಣ್ಯಾಗಿನ ಅಕ್ಕಾತಾಯಿ ಖೋಖೋದಾಗ ಎಂಥಾಕಿ ಇದ್ಲು! ಲಗ್ನಾದಮ್ಯಾಲ ಈಗ ಗಂಡನ ಮನಿ ಬಾಗಲದಾಗ ನಿಂತು ಹೊರಗ ನೋಡಾಕೂ ಹೆದರತಾಳ."

ಊರೆಲ್ಲ ಟೀಮಿನ ಚಿಂತೆ ಮಾಡುತ್ತಿದ್ದಾಗ ಆಟದ ಚಿಂತೆ ಮಾಡುತ್ತಿದ್ದವಳು ಅವಳೊಬ್ಬಳೇ.

ಇಲ್ಲಿ ನಮ್ಮ ಕಡೆಯ ಪದ್ಧತಿಯೊಂದನ್ನು ಹೇಳಬೇಕು. ಹೆಣ್ಣು ನೋಡಲು ಬರುವ ಮೊದಲು ಗಂಡಿನ ಕಡೆಯವರು ಸುಳಿವು ಕೊಡದೆ ಊರಿಗೆ ಬಂದು, ಬಸ್ಸು ನಿಲ್ಲುವಲ್ಲಿ ಚಹಾ ಕುಡಿಯುತ್ತ, "ಇಂಥವ್ರ ಮನಿತಾನ ಹೆಂಗರಿ? ಹುಡುಗಿ ಹೆಂಗರಿ?" ಎಂದು ವಿಚಾರಿಸುತ್ತಾರೆ. ಚಹಾದಂಗಡಿಯಲ್ಲಿ ಪಾಸಾದರೆ ಮಾತ್ರ ಮುಂದೆ ಅವಲಕ್ಕಿ, ಉಪ್ಪಿಟ್ಟು. ನಮ್ಮೂರ ಅಂಗಡಿ ಹಸನಭಾಯಿಯದು. ಕಾಕಾ ಕಬ್ಬು ನೋಡುವುದನ್ನೂ ಬಿಟ್ಟು ಅಲ್ಲಿ ಹೋಗಿ ಕೂಡತೊಡಗಿದ.

ಯಾರೋ ಸಲಹೆ ಕೊಟ್ಟರು, ಹುಡುಗಿಗೆ ಫಿಟ್ಸ್ ಬರುತ್ತದೆ ಎಂದು ಹೇಳಿಬಿಡೋಣ ಎಂದು. ಕಾಕಾ ಸಿಟ್ಟಾದ. "ಹೆಣ್ಣಿನ ಮ್ಯಾಲ ಸುಳ್ಳ ಹೇಳಿದ್ರ ಹುಳಾ ಬಿದ್ದ ಸಾಯ್ತೀವಿ. ಇದ್ದದ್ದ ಇದ್ದಂಗ ಹೇಳೂಣು, ಸಾಕು."

ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಥಣಿ ಕಡೆಯಿಂದ ಬಂದವರಿಗೆ ಹೇಳಿದರು, ಕಾಗವಾಡದವರಿಗೆ ಹೇಳಿದರು. ಹುಡುಗಿ ಗುಣದಲ್ಲಿ ಬಂಗಾರ, ಆದರೆ ಕಬಡ್ಡಿ ಆಡುತ್ತಾಳೆ, ಲಗ್ನವಾದ ಮೇಲೂ ಆಡುತ್ತಾಳೆ, ಊರೂರಿಗೆ ಹೋಗುತ್ತಾಳೆ ಎಂದು. ಬಂದವರು ಚಹಾ ಕುಡಿದು ಬಂದ ಬಸ್ಸಿಗೇ ಹೊರಳಿ ಹೋಗುತ್ತಿದ್ದರು. ಅಂಗಡಿಯಲ್ಲಿ ಗೆದ್ದವರ ಹಾಗೆ ಮತ್ತೊಂದು ಸುತ್ತು ಚಹಾ ಆಗುತ್ತಿತ್ತು.

ಸೋತವನು ಅಪ್ಪಾಸಾಬ ಮಾಮಾ. ಒಂದು ದಿನ ನಮ್ಮ ಕಟ್ಟೆಗೆ ಬಂದು ಕಾಕಾನನ್ನೇ ಕೇಳಿದ: "ನನ್ನ ಮಗಳಿಗೆ ಏನ ಕಡಿಮಿ ಐತಿ ನೇಮಣ್ಣಾ? ಮಂದಿ ಅಂಗಡಿತನಾ ಬರ್ತಾರ, ಮನಿತನಾ ಯಾಕ ಬರವಲ್ರು?" ಕಾಕಾ ತಲೆ ತಗ್ಗಿಸಿ, ಉಗುರಿನಿಂದ ಕಟ್ಟೆಯ ಮಣ್ಣು ಕೆರೆಯುತ್ತ ಕೂತ. ಆ ದಿನ ನನಗೆ ಕಾಕಾನ ಮೇಲೆ ಕೆಟ್ಟ ಕೋಪ ಬಂತು. ಒಂದು ಟೀಮಿನ ಸಲುವಾಗಿ ಒಬ್ಬ ತಂದೆಯನ್ನು ಹೀಗೆ ಗೋಳಾಡಿಸುವುದೇ?

ಆಮೇಲೆ ಬಂದವಳು ಕಬ್ಬೂರಿನ ಗಂಗವ್ವ. ಗಂಡಸರನ್ನು ಕಳಿಸದೆ ಮಗನಿಗೆ ಹೆಣ್ಣು ವಿಚಾರಿಸಲು ತಾನೇ ಬಂದಿದ್ದಳು. ಅಂಗಡಿಯ ಬೆಂಚಿನ ಮೇಲೆ ಸೆರಗು ಬಿಗಿದು ಕೂತು, ಒಂದು ಚಹಾ ಹೇಳಿದಳಂತೆ. ಮುಂದಿನದನ್ನು ಹಸನಭಾಯಿ ಎಷ್ಟು ಸಲ ಅಭಿನಯಿಸಿ ತೋರಿಸಿದ್ದಾನೆಂದರೆ ನಾನೇ ಅಲ್ಲಿದ್ದೆನೋ ಎನಿಸುತ್ತದೆ.

"ಹುಡುಗಿ ಕಬಡ್ಡಿ ಆಡತಾಳ್ರಿ," ಎಂದ ಕಾಕಾ.

"ಹೂಂ."

"ಮೊಣಕಾಲ ತುಂಬ ಗಾಯದ ಕಲಿ ಅದಾವ್ರಿ."

"ಆಡಿದ್ರ ಆಗತಾವ್ರಿ."

"ಸಂಜೀಮುಂದ ರೊಟ್ಟಿ ಹೊತ್ತಿಗೆ ಮನ್ಯಾಗ ಇರೂದಿಲ್ಲ. ಲಗ್ನಾದಮ್ಯಾಲೂ ಆಟಾ ಬಿಡಾಕಿ ಅಲ್ಲ."

"ರೊಟ್ಟಿ ನಾ ಬಡೀತೀನ್ರಿ. ಹೋದ ವರ್ಷ ಚಿಕ್ಕೋಡ್ಯಾಗ ನನ್ನ ಮಗಳನ್ನ ಹಿಡದ ಕೆಡವಿದಾಕಿ ಈಕಿನ ಹೌದಲ್ರಿ? ನಮ್ಮ ಕಬ್ಬೂರ ಟೀಮಿನ್ಯಾಗ ಹಿಡಿಯವ್ರ ಇಲ್ರಿ. ಮನಿ ಯಾವ ಕಡೆ ಬರತೈತಿ, ತೋರಸ್ರಿ."

ಕಬ್ಬೂರು! ವರ್ಷವರ್ಷವೂ ನಮಗೆ ಎದುರು ನಿಲ್ಲುತ್ತಿದ್ದ ಟೀಮು. ಕಾಕಾ ಚಹಾ ಅರ್ಧಕ್ಕೆ ಬಿಟ್ಟು ಎದ್ದು, ಮುಂದೆ ಮುಂದೆ ನಡೆದು ಮನೆ ತೋರಿಸಿ ಬಂದನಂತೆ.

ಊರು ಕಾಕಾನನ್ನು ಸುಮ್ಮನೆ ಬಿಡಲಿಲ್ಲ. "ಬಾಯಿಲೆ ಟೀಮನ್ನ ಹೊಡದ ಹಾಕಿದೆಲ್ಲೋ ನೇಮಣ್ಣಾ," ಎಂದರು. "ಫಿಟ್ಸ್ ಅಂತ ಹೇಳಿದ್ರ ಇಲ್ಲೇ ಉಳೀತಿದ್ಲು." ಕಬ್ಬೂರಿಗೆ ಆಟಗಾರ್ತಿಯನ್ನು ಪಾರ್ಸಲ್ ಮಾಡಿದವನೆಂದು ಹುಡುಗರು ಅಡ್ಡಹೆಸರಿಟ್ಟರು. ಮಾಲನ್‌ಳ ಮೇಲೂ ಸಿಟ್ಟು. ಒಲ್ಲೆ ಎನ್ನಬಹುದಾಗಿತ್ತಲ್ಲ, ಊರಿನ ಹಾಲು-ಬೆಣ್ಣೆ ತಿಂದವಳು, ಹೀಗೆ ಮಾಡಬಹುದೇ? ಮದುವೆಯ ಊಟದಲ್ಲಿ ಕಾಕಾ ಬುಟ್ಟಿ ಹಿಡಿದು ಎಲ್ಲರಿಗೂ ಬುಂದೆ ಬಡಿಸಿದ, ತಾನು ಮಾತ್ರ ಪಂಕ್ತಿಗೆ ಕೂಡಲಿಲ್ಲ. ಸಂಕಟಕ್ಕೆ ಊಟ ಸೇರುತ್ತಿಲ್ಲ ಎಂದು ಜನ ಮುಸಿಮುಸಿ ನಕ್ಕರು.

ಮರುವರ್ಷ ದಸರೆಗೆ ನಮ್ಮೂರ ಅಂಗಳಕ್ಕೆ ಕಬ್ಬೂರ ಟೀಮು ಬಂತು. ಮಾಲನ್ ಕೈಬಳೆಗಳನ್ನು ಅರಿವೆಯಿಂದ ಬಿಗಿದು ಕಟ್ಟಿಕೊಂಡು ಎದುರಿನ ಅಂಗಳದಲ್ಲಿ ನಿಂತಳು. ಚಪ್ಪಾಳೆಯಿಲ್ಲ, ಕೂಗಿಲ್ಲ, ಸಾವಿನ ಮನೆಗೆ ಬಂದವರಂತೆ ಊರು ಕೂತಿತ್ತು. ನಾನು ಉಸಿರು ಕಟ್ಟಿ ಒಳಗೆ ಹೋದೆ. ಒಬ್ಬಳನ್ನು ಮುಟ್ಟಿ ಹಿಂದಿರುಗುವಷ್ಟರಲ್ಲಿ ನನ್ನ ಹಿಮ್ಮಡಿಗೆ ಆ ಕೈ ಬಿತ್ತು. ನಾನು ಕೈ ಚಾಚಿದೆ. ನಡುಗೆರೆಗೆ ಗೇಣು ಉಳಿದಿತ್ತು. ಆಗ ಜನರ ನಡುವಿನಿಂದ ಒಂದು ದನಿ ಸಿಡಿಯಿತು: "ಮಾಲನ್, ಸೋಡೂ ನಕೋ!"

ನಮ್ಮ ಕಾಕಾ! ಅವನ ಹಿಂದೆಯೇ ಊರಿಗೆ ಊರೇ ಎದ್ದು, ರೂಢಿಯ ಬಲದಿಂದ, ತಮ್ಮ ಹುಡುಗಿಯಾದ ನನ್ನನ್ನು ಬಿಡಬೇಡವೆಂದು ಕೂಗತೊಡಗಿತು. ಮಣ್ಣಿನಲ್ಲಿ ಮುಖ ಹುಗಿದು ಬಿದ್ದಿದ್ದ ನನಗೆ ನಗು ಬಂದು ಉಸಿರು ಹೋಯಿತು. ಔಟಾದೆ. ನಾವು ಸೋತೆವು. ಆಟ ಮುಗಿದ ಮೇಲೆ ನಮ್ಮೂರ ಹೆಣ್ಣುಮಕ್ಕಳು ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಕಣ ತಂದು, ಗೆರೆಯ ಮೇಲೆ ನಿಲ್ಲಿಸಿಯೇ ಅವಳ ಉಡಿ ತುಂಬಿದರು. ಮಗಳನ್ನು ಬರಿಗೈಲಿ ಕಳಿಸುವುದುಂಟೇ? ಸಲವಾರಿನ ಮೇಲಿನ ಅಂಗಿಯ ಚುಂಗನ್ನೇ ಉಡಿ ಮಾಡಿ ಹಿಡಿದು ಅವಳು ಅತ್ತಳು. ಟೀಮಿನ ಜೊತೆ ಬಂದಿದ್ದ ಗಂಗವ್ವನೂ ಅತ್ತಳು. ಕಾಕಾ ಅಷ್ಟರಲ್ಲಿ ಎಲ್ಲಿಗೋ ಹೋಗಿದ್ದ.

ಇಷ್ಟೆಲ್ಲ ನೆನಪಾಗಿ ಮೊನ್ನೆಯೇ ಮಾಲನ್‌ಗೆ ಫೋನು ಮಾಡಿದೆ. ಕಬ್ಬೂರಿನ ಹುಡುಗಿಯರಿಗೆ ಈಗಲೂ ಅವಳೇ ಆಟ ಕಲಿಸುತ್ತಾಳೆ. ಮಗನ ಕತೆ ಹೇಳಿ ನಗಿಸಿದೆ. ಮಾತಿಗೆ ಮಾತು ಬಂದು, "ಪಾಪ, ನಮ್ಮ ಕಾಕಾ ನಿನ್ನ ಉಳಿಸ್ಕೊಳ್ಳಾಕ ಹೋಗಿ ಕಬ್ಬೂರಿಗೆ ಕಳಿಸಿದಾ," ಎಂದೆ.

"ನಿನಗ ಕಾಕಾ ಹೇಳಲಿಲ್ಲೇನು?" ಎಂದಳು. "ಅಂಗಡ್ಯಾಗ ಕುಂತು ಹಂಗ ಹೇಳ್ರಿ ಅಂದಾಕಿ ನಾನ. ಊರಾಗ ಗಂಡ ಸಿಗಲಿಲ್ಲಲ್ಲ, ಆವಾಗ ಹೋಗಿ ಕೈ ಮುಗದ್ನಿ. ಕಾಕಾ, ನನ್ನ ಆಟದ್ದು ಎಲ್ಲಾ ಮೊದಲ ಹೇಳಿಬಿಡ್ರಿ. ಕೇಳಿದಮ್ಯಾಲೂ ಯಾರು ನಮ್ಮ ಮನಿತನಾ ಬರ್ತಾರ ನೋಡೂಣು, ಅವ್ರ ಮನೀಗೆ ಹೋಗ್ತೀನಿ ಅಂದ್ನಿ. ಅಪ್ಪನ ಮಾರಿ ನೋಡಿ ಎಷ್ಟ ಸಲ ಬ್ಯಾಡ ಅನಿಸ್ತು. ಆವಾಗೆಲ್ಲ ನಿಮ್ಮ ಕಾಕಾನ ನನಗ ಧೈರ್ಯಾ ಹೇಳಿದ್ರು."

"ಊರೆಲ್ಲ ಕಾಡಿಸಿದ್ರೂ ಒಂದ ಮಾತ ಹೇಳಲಿಲ್ಲಲ್ಲೇ ಅಂವಾ!"

"ಹೇಳಿದ್ರ ಊರ ನನ್ನ ಬೈತಿತ್ತಲ್ಲ."

ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ಕಟ್ಟೆಯ ಮಣ್ಣು ಕೆರೆಯುತ್ತ ಕೂತಿದ್ದ ಆ ಬೆರಳು ಕಣ್ಣ ಮುಂದೆ ಬಂತು, ನನಗೆ ದುಃಖ ಉಕ್ಕಿತು. ಟೀಮು ಉಳಿಸಲು ಹೊರಟ ಮರುಳ ಎಂದೇ ನಾನು ಇಷ್ಟು ವರ್ಷ ಅವನ ಕತೆ ಹೇಳಿಕೊಂಡು ಬಂದಿದ್ದೆ. ಮೂಗು ಒರೆಸಿಕೊಂಡು ಕೇಳಿದೆ: "ನೀ ಹಂಗ ಕೇಳಿದಾಗ ಅಂವ ಏನ ಅಂದಾ?"

"ಏನ ಅಂದ್ರು? ಭಾಳ ಹೊತ್ತ ಅಂಗಳಾ ನೋಡಕೋತ ಕುಂತ್ರು. ಆಮ್ಯಾಲ, ಹೋಗೂದ ಹೋಗ್ತಿ, ಚಲೋ ಟೀಮಿಗೆ ಹೋಗವಾ ತಂಗಿ, ಅಂದ್ರು."